ಮೂವತ್ತೈದರ ಡಿಫೆಂಡರ್ ಹೊಸ ಕ್ಲಬ್‌ಗೆ ಬಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ವೃತ್ತಿಜೀವನದ ಕೊನೆಯ ಹಂತದಲ್ಲಿ ಕ್ಲಬ್ ಬದಲಿಸುವ ಫುಟ್‌ಬಾಲ್ ಡಿಫೆಂಡರ್‌ಗಳ, ಅಂದರೆ ರಕ್ಷಣಾ ಆಟಗಾರರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆಯಾಗಿ ಮಾಡಲಾಗಿದೆ.

ಪ್ರಶ್ನೆ: ಲಾರೆಂಟ್ ಬ್ಲಾಂಕ್ 2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ಅವರಿಗೆ 35 ವರ್ಷ. ಥಿಯಾಗೊ ಸಿಲ್ವ 2020ರಲ್ಲಿ ಚೆಲ್ಸಿಗೆ ಬಂದಾಗಲೂ 35. ಇಬ್ಬರೂ ವರ್ಗಾವಣೆ ಶುಲ್ಕವಿಲ್ಲದೆ ಬಂದವರು, ಇಬ್ಬರೂ ತಮ್ಮ ದೇಶದ ದೊಡ್ಡ ಆಟಗಾರರು. ಹಾಗಿದ್ದೂ ಸಿಲ್ವ ಅವರನ್ನು ಎಲ್ಲರೂ ಹೊಗಳುತ್ತಾರೆ, ಬ್ಲಾಂಕ್ ಹೆಸರು ಬಂದರೆ ಆಗಿನ ಯುನೈಟೆಡ್ ಕೋಚ್ ಫರ್ಗುಸನ್ ಅವರ ತಪ್ಪು ನಿರ್ಧಾರ ಎನ್ನುತ್ತಾರೆ. ಈ ಹೋಲಿಕೆ ನ್ಯಾಯವೇ? (ಓದುಗರೊಬ್ಬರು, ಮೈಸೂರು)

ಉತ್ತರ: ವಯಸ್ಸು ಒಂದೇ, ಶುಲ್ಕವೂ ಒಂದೇ, ಆದರೆ ಇಬ್ಬರಿಗೂ ಒಪ್ಪಿಸಿದ ಕೆಲಸ ಮಾತ್ರ ಒಂದೇ ಆಗಿರಲಿಲ್ಲ. ಹಿರಿಯ ಡಿಫೆಂಡರ್‌ಗಳನ್ನು ಹೋಲಿಸುವಾಗ ನಾವು ಮೊದಲು ನೋಡಬೇಕಾದದ್ದು ಆಟಗಾರನ ಹುಟ್ಟಿದ ವರ್ಷವನ್ನಲ್ಲ, ಅವನ ಬೆನ್ನ ಹಿಂದೆ ಎಷ್ಟು ಖಾಲಿ ಜಾಗ ಇತ್ತು, ಪಕ್ಕದಲ್ಲಿ ಓಡುವವರು ಯಾರಿದ್ದರು ಎಂಬುದನ್ನು. ಈ ಎರಡು ವಿಷಯಗಳನ್ನು ಇಟ್ಟುಕೊಂಡು ನೋಡಿದರೆ ಬ್ಲಾಂಕ್ ಅವರ ಮೇಲೆ ಬಂದ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ನನಗೆ ದೃಢವಾಗಿ ಅನಿಸುತ್ತದೆ.

ಬ್ಲಾಂಕ್ ಬಂದ ಹೊತ್ತನ್ನು ನೆನಪಿಸಿಕೊಳ್ಳಿ. 2001ರ ಆಗಸ್ಟ್‌ನಲ್ಲಿ, ಋತು ಶುರುವಾದ ಮೇಲೆ, ಯುನೈಟೆಡ್ ತನ್ನ ಅತ್ಯಂತ ಬಲಿಷ್ಠ ಡಿಫೆಂಡರ್ ಯಾಪ್ ಸ್ಟಾಮ್ ಅವರನ್ನು ಇಟಲಿಯ ಲಾಟ್ಸಿಯೊಗೆ ಮಾರಿತು. ಅವರ ಜಾಗಕ್ಕೆ ಇಂಟರ್ ಮಿಲಾನ್‌ನಿಂದ ಬ್ಲಾಂಕ್ ಬಂದರು. ಸ್ಟಾಮ್ ಎಂದರೆ ವೇಗ, ಮೈಬಲ, ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಿ ಚೆಂಡು ಕಿತ್ತುಕೊಳ್ಳುವ ಧಾಟಿ. ಬ್ಲಾಂಕ್ ಯೌವನದಲ್ಲೂ ವೇಗಕ್ಕೆ ಹೆಸರಾದವರಲ್ಲ. ಮೊಂಪೆಲಿಯೆ ಕ್ಲಬ್‌ನಲ್ಲಿ ಆಕ್ರಮಣಕಾರಿ ಮಿಡ್‌ಫೀಲ್ಡರ್ ಆಗಿ ಆರಂಭಿಸಿ, ನಂತರ ಹಿಂದಕ್ಕೆ ಬಂದು, ಆಟವನ್ನು ಮುಂಚಿತವಾಗಿ ಗ್ರಹಿಸುವುದರಿಂದಲೇ ದೊಡ್ಡವರಾದವರು ಅವರು. 1998ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದಲ್ಲಿ ಅವರ ಪಕ್ಕದಲ್ಲಿ ಮಾರ್ಸೆಲ್ ಡೆಸೈಲಿ, ಅಂಚುಗಳಲ್ಲಿ ತುರಾಮ್ ಮತ್ತು ಲಿಜರಾಜು, ಮುಂದೆ ದೆಶಾಂ ಇದ್ದರು. ಓಡುವ ಕೆಲಸಕ್ಕೆ ಆ ನಾಲ್ವರು ಸಾಕಾಗಿದ್ದರು, ಯೋಚಿಸುವ ಕೆಲಸವನ್ನು ಬ್ಲಾಂಕ್ ಮಾಡುತ್ತಿದ್ದರು. ಯುನೈಟೆಡ್‌ನಲ್ಲಿ ಮೊದಲ ಋತುವಿನ ಉದ್ದಕ್ಕೂ ಅವರ ಜೊತೆಗಾರ ಬದಲಾಗುತ್ತಲೇ ಇದ್ದರು. ಒಮ್ಮೆ ವೆಸ್ ಬ್ರೌನ್, ಒಮ್ಮೆ ರಾನಿ ಜಾನ್ಸನ್, ಒಮ್ಮೆ ಮೂಲತಃ ಬಲ ಅಂಚಿನ ಆಟಗಾರರಾದ ಗ್ಯಾರಿ ನೆವಿಲ್. ಅದೇ ವರ್ಷ ಹ್ವಾನ್ ಸೆಬಾಸ್ಟಿಯನ್ ವೆರೋನ್ ಬಂದಿದ್ದರಿಂದ ಮಿಡ್‌ಫೀಲ್ಡ್‌ನ ರಚನೆಯೂ ಬದಲಾಗಿತ್ತು. ರಕ್ಷಣೆಯ ಮುಂದಿನ ಗೋಡೆಯೇ ಕದಲುತ್ತಿರುವಾಗ ಹಿಂದೆ ನಿಂತವನ ವಯಸ್ಸು ಎದ್ದು ಕಾಣುವುದು ಸಹಜ.

ಅಂಕಿಗಳು ಬ್ಲಾಂಕ್ ಅವರಿಗೆ ವಿರುದ್ಧವಾಗಿಯೇ ಇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. 2000-01ರ ಲೀಗ್‌ನಲ್ಲಿ 31 ಗೋಲು ಬಿಟ್ಟುಕೊಟ್ಟಿದ್ದ ಯುನೈಟೆಡ್, 2001-02ರಲ್ಲಿ 45 ಬಿಟ್ಟುಕೊಟ್ಟು ಮೂರನೇ ಸ್ಥಾನಕ್ಕೆ ಇಳಿಯಿತು. ಆದರೆ ಆ ಸೋಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. 2001ರ ನವೆಂಬರ್‌ನಲ್ಲಿ ಹೈಬರಿಯಲ್ಲಿ ಆರ್ಸೆನಲ್ 3-1ರಿಂದ ಗೆದ್ದಾಗ ಥಿಯರಿ ಆನ್ರಿ ಹೊಡೆದ ಎರಡೂ ಗೋಲುಗಳು ಗೋಲ್‌ಕೀಪರ್ ಫೇಬಿಯನ್ ಬಾರ್ತೆಜ್ ಅವರ ನೇರ ತಪ್ಪಿನಿಂದ ಬಂದವು, ಆದರೂ ಮುಪ್ಪಿನ ಮಾತು ಬಂದದ್ದು ಬ್ಲಾಂಕ್ ಬಗ್ಗೆ. ಡಿಸೆಂಬರ್‌ನಿಂದ ಅದೇ ತಂಡ ಲೀಗ್‌ನಲ್ಲಿ ಸಾಲಾಗಿ 8 ಪಂದ್ಯ ಗೆದ್ದಿತು. ಮುಂದಿನ ಬೇಸಿಗೆಯಲ್ಲಿ ರಿಯೊ ಫರ್ಡಿನಂಡ್ ಎಂಬ ವೇಗದ ಜೊತೆಗಾರ ಬಂದರು, ಬ್ಲಾಂಕ್ ಕಡಿಮೆ ಪಂದ್ಯಗಳನ್ನು ಆಡಿದರು, ತಂಡ ಬಿಟ್ಟುಕೊಟ್ಟ ಗೋಲು 34ಕ್ಕೆ ಇಳಿಯಿತು, 2003ರ ಲೀಗ್ ಪ್ರಶಸ್ತಿಯೊಂದಿಗೆ ಬ್ಲಾಂಕ್ ನಿವೃತ್ತರಾದರು. ಸ್ಟಾಮ್ ಅವರನ್ನು ಮಾರಿದ್ದು ತಪ್ಪು ಎಂದು ಫರ್ಗುಸನ್ ನಂತರ ಒಪ್ಪಿಕೊಂಡರು. ಸ್ಟಾಮ್ ಅವರನ್ನು ಕಳುಹಿಸಿದ್ದು ತಪ್ಪು ಎನ್ನುವುದಕ್ಕೂ ಬ್ಲಾಂಕ್ ಅವರನ್ನು ತಂದದ್ದು ತಪ್ಪು ಎನ್ನುವುದಕ್ಕೂ ವ್ಯತ್ಯಾಸವಿದೆ.

ಇನ್ನು ಸಿಲ್ವ. ಅವರ ಆರಂಭ ಬ್ಲಾಂಕ್ ಅವರಿಗಿಂತ ಕೆಟ್ಟದಾಗಿತ್ತು ಎಂಬುದನ್ನು ಇಂದು ಬಹಳ ಜನ ಮರೆತಿದ್ದಾರೆ. 36ನೇ ಹುಟ್ಟುಹಬ್ಬ ಕಳೆದ ನಾಲ್ಕೇ ದಿನಕ್ಕೆ, 2020ರ ಸೆಪ್ಟೆಂಬರ್ 26ರಂದು, ವೆಸ್ಟ್ ಬ್ರಾಮ್‌ವಿಚ್ ವಿರುದ್ಧ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯವನ್ನು ನಾಯಕನಾಗಿ ಆಡಿದ ಅವರ ಕಾಲಡಿಯಿಂದ ಚೆಂಡು ಜಾರಿ, ಕ್ಯಾಲಮ್ ರಾಬಿನ್ಸನ್ ಅದನ್ನು ಗೋಲಿಗೆ ತಳ್ಳಿದರು. ವಿರಾಮದ ಹೊತ್ತಿಗೆ ಚೆಲ್ಸಿ 0-3ರಿಂದ ಹಿಂದಿತ್ತು, ಪಂದ್ಯ 3-3ರಲ್ಲಿ ಮುಗಿಯಿತು. ಅವರ ಅದೃಷ್ಟ ಬದಲಾದದ್ದು 2021ರ ಜನವರಿಯಲ್ಲಿ. ಫ್ರಾಂಕ್ ಲ್ಯಾಂಪಾರ್ಡ್ ಹೋಗಿ ಥಾಮಸ್ ಟುಕೆಲ್ ಬಂದರು. ಟುಕೆಲ್ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್‌ನಲ್ಲಿ ಸಿಲ್ವ ಅವರ ಕೋಚ್ ಆಗಿದ್ದವರು, ಹಿಂದಿನ ವರ್ಷ ಲಿಸ್ಬನ್‌ನಲ್ಲಿ ಬಯರ್ನ್ ಎದುರು ಚಾಂಪಿಯನ್ಸ್ ಲೀಗ್ ಫೈನಲ್ ಸೋತಾಗ ಇಬ್ಬರೂ ಒಂದೇ ಪಾಳೆಯದಲ್ಲಿದ್ದರು. ಟುಕೆಲ್ ಬಂದ ಕೂಡಲೇ ಹಿಂದೆ ಮೂವರನ್ನು ನಿಲ್ಲಿಸಿದರು. ನಡುವೆ ಸಿಲ್ವ, ಬಲಕ್ಕೆ ಅಜ್ಪಿಲಿಕ್ವೆಟ, ಎಡಕ್ಕೆ ರುಡಿಗರ್. ಅಂಚಿಗೆ ಓಡಿ ವಿಂಗರ್‌ಗಳನ್ನು ತಡೆಯುವ ಕೆಲಸವನ್ನು ಆ ಇಬ್ಬರು ಹೊತ್ತುಕೊಂಡರು. ಮುಂದೆ ಮಿಡ್‌ಫೀಲ್ಡರ್‌ಗಳಾದ ಕಾಂಟೆ ಮತ್ತು ಜಾರ್ಜಿನೊ, ಹಿಂದೆ ಗೋಲ್‌ಕೀಪರ್ ಮೆಂಡಿ. ಇಡೀ ತಂಡ ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡು ಆಡುತ್ತಿದ್ದುದರಿಂದ ಸಿಲ್ವ 40 ಗಜ ಹಿಂದಕ್ಕೆ ಓಡಬೇಕಾದ ಸಂದರ್ಭವೇ ಅಪರೂಪವಾಯಿತು. ಟುಕೆಲ್ ಅವರ ಮೊದಲ 14 ಪಂದ್ಯಗಳಲ್ಲಿ ಚೆಲ್ಸಿ ಸೋಲಲಿಲ್ಲ, ಬಿಟ್ಟುಕೊಟ್ಟದ್ದು ಎರಡೇ ಗೋಲು, ಅದರಲ್ಲಿ ಒಂದು ಸ್ವಂತ ಗೋಲು. ಆ ಓಟ ಮುರಿದದ್ದು ಯಾವಾಗ ಎಂದರೆ, ಮತ್ತೆ ಅದೇ ವೆಸ್ಟ್ ಬ್ರಾಮ್‌ವಿಚ್ ಎದುರು, 29ನೇ ನಿಮಿಷಕ್ಕೆ ಸಿಲ್ವ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದ ಮೇಲೆ. ಆ ಪಂದ್ಯವನ್ನು ಚೆಲ್ಸಿ ತನ್ನ ಮನೆಯಂಗಳದಲ್ಲೇ 2-5ರಿಂದ ಸೋತಿತು.

ಮೇ 29ರಂದು ಪೋರ್ಟೊದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಚೆಲ್ಸಿ 1-0ಯಿಂದ ಸೋಲಿಸಿತು. ಸಿಲ್ವ 39ನೇ ನಿಮಿಷದಲ್ಲೇ ಗಾಯಗೊಂಡು ಹೊರಬಂದಿದ್ದರು, ಅವರ ಜಾಗಕ್ಕೆ ಬಂದ ಆಂಡ್ರಿಯಾಸ್ ಕ್ರಿಸ್ಟೆನ್ಸನ್ ಉಳಿದ ಹೊತ್ತನ್ನು ಕೊರತೆಯಿಲ್ಲದೆ ತುಂಬಿದರು. ಆ ರಚನೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇದನ್ನು ಸಿಲ್ವ ಅವರನ್ನು ಕಿರಿದು ಮಾಡಲು ಹೇಳುತ್ತಿಲ್ಲ. ಒಂದು ವರ್ಷದ ಕರಾರಿನ ಮೇಲೆ ಬಂದವರು ನಾಲ್ಕು ಋತು ಉಳಿದರು, 155 ಪಂದ್ಯ ಆಡಿದರು, ತಂಡ ದಿಕ್ಕೆಟ್ಟಿದ್ದ 2022-23ರಲ್ಲಿ ಕ್ಲಬ್ಬಿನ ವರ್ಷದ ಆಟಗಾರ ಎನಿಸಿಕೊಂಡರು. ರಚನೆ ಒಡೆದ ಮೇಲೂ ನಿಂತದ್ದು ಅವರ ದೊಡ್ಡತನ. ಆದರೆ ಬ್ಲಾಂಕ್ ಅವರಿಗೆ ಅಂಥ ರಚನೆ ಆರಂಭದಲ್ಲಿ ಸಿಗಲೇ ಇಲ್ಲ. ನಿಮ್ಮ ಹೋಲಿಕೆಗೆ ಇನ್ನೊಂದು ಎಳೆಯನ್ನೂ ಸೇರಿಸಿಕೊಳ್ಳಿ. 2013ರಿಂದ 2016ರವರೆಗೆ ಪ್ಯಾರಿಸ್ ಸೇಂಟ್ ಜರ್ಮೇನ್‌ನ ಕೋಚ್ ಆಗಿದ್ದವರು ಇದೇ ಬ್ಲಾಂಕ್, ಅವರ ತಂಡದ ನಾಯಕ ಇದೇ ಥಿಯಾಗೊ ಸಿಲ್ವ.

ಪ್ರಶ್ನೆ: ಇಷ್ಟು ದೊಡ್ಡ ಆಟಗಾರರನ್ನು ಕ್ಲಬ್‌ಗಳು ಶುಲ್ಕ ಪಡೆಯದೆ ಬಿಟ್ಟುಕೊಡುವುದೇಕೆ? ಪಡೆಯುವ ಕ್ಲಬ್‌ಗೆ ಅದು ನಿಜಕ್ಕೂ ಅಗ್ಗವೇ? (ವಿದ್ಯಾರ್ಥಿಯೊಬ್ಬರು, ಧಾರವಾಡ)

ಉತ್ತರ: ಕರಾರಿನ ಅವಧಿ ಮುಗಿದ ಆಟಗಾರ ಯಾವ ಶುಲ್ಕವೂ ಇಲ್ಲದೆ ಬೇರೆ ಕ್ಲಬ್ ಸೇರಬಹುದು ಎಂಬುದು 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಬೊಸ್ಮನ್ ಅವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ಗಟ್ಟಿಯಾದ ಹಕ್ಕು. ಮೂವತ್ತು ದಾಟಿದವರಿಗೆ ಒಮ್ಮೆಗೆ ಒಂದೇ ವರ್ಷದ ಕರಾರು ಕೊಡುವ ಪದ್ಧತಿಯನ್ನು ಚೆಲ್ಸಿಯಂಥ ಕ್ಲಬ್‌ಗಳು ಬಹುಕಾಲ ಪಾಲಿಸಿದವು. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಕೆಲವು ಹಿರಿಯರು ಕೈಗೆ ಸಿಗುತ್ತಾರೆ.

ಅಗ್ಗವೇ ಎಂಬುದು ಬೇರೆ ಮಾತು. ಶುಲ್ಕವಿಲ್ಲದಿದ್ದರೂ ಸಂಬಳ ದೊಡ್ಡದಿರುತ್ತದೆ, ಮುಂದೆ ಆ ಆಟಗಾರನನ್ನು ಮಾರಿ ಹಣ ಪಡೆಯುವ ದಾರಿ ಇರುವುದಿಲ್ಲ. ಆದ್ದರಿಂದ ಕೊಟ್ಟ ಹಣ ಪೂರ್ತಿಯಾಗಿ ಮೈದಾನದಲ್ಲೇ ವಸೂಲಾಗಬೇಕು. ಹತ್ತೇ ಪಂದ್ಯ ಆಡಿದರೆ ಅದು ದುಬಾರಿ, ಮೂವತ್ತು ಆಡಿದರೆ ಅಗ್ಗ. ಪಕ್ಕದಲ್ಲಿ ಆಡುವ ಕಿರಿಯನಿಗೆ ಆಗುವ ಲಾಭವನ್ನು ಮಾತ್ರ ಯಾವ ಲೆಕ್ಕಪುಸ್ತಕದಲ್ಲೂ ಬರೆಯಲು ಬರುವುದಿಲ್ಲ, ಆದರೆ ಒಳ್ಳೆಯ ಕೋಚ್‌ಗಳು ಹಿರಿಯರನ್ನು ಕೇಳಿ ತರಿಸಿಕೊಳ್ಳುವುದರ ಹಿಂದೆ ಆ ಲಾಭದ ಆಸೆಯೂ ಇರುತ್ತದೆ.

ಪ್ರಶ್ನೆ: ತಮ್ಮ ಹಳೆಯ ಕ್ಲಬ್‌ಗೇ ಮರಳುವ ಡಿಫೆಂಡರ್‌ಗಳು ಹೊಸ ಕ್ಲಬ್‌ಗೆ ಹೋಗುವವರಿಗಿಂತ ಹೆಚ್ಚು ಯಶಸ್ವಿಯಾಗುತ್ತಾರೆಯೇ? ಜಾನಿ ಇವಾನ್ಸ್ ಅವರನ್ನು ನೋಡಿ ಈ ಪ್ರಶ್ನೆ ಹುಟ್ಟಿತು. (ಓದುಗರೊಬ್ಬರು, ಮಂಗಳೂರು)

ಉತ್ತರ: ಮರಳಿ ಬರುವವರಿಗೆ ಒಂದು ಅನುಕೂಲ ನಿಶ್ಚಿತವಾಗಿ ಇದೆ. ಕ್ಲಬ್ಬಿನ ನಿರೀಕ್ಷೆ ಏನು, ಅಭಿಮಾನಿಗಳ ಸಿಟ್ಟು ಎಷ್ಟು ಬೇಗ ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಅವರು ಹೊಸದಾಗಿ ಕಲಿಯಬೇಕಿಲ್ಲ. ಆದರೆ ಅದೊಂದೇ ಸಾಲದು ಎಂಬುದಕ್ಕೆ ನಾಲ್ವರ ಕಥೆಯನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಇವಾನ್ಸ್ ಯುನೈಟೆಡ್‌ನ ಅಕಾಡೆಮಿಯಲ್ಲೇ ಬೆಳೆದು, 2015ರಲ್ಲಿ ಹೊರಹೋಗಿ, ವೆಸ್ಟ್ ಬ್ರಾಮ್‌ವಿಚ್ ಮತ್ತು ಲೆಸ್ಟರ್‌ನಲ್ಲಿ ಆಡಿದರು. ಲೆಸ್ಟರ್ ಕೆಳಗಿನ ವಿಭಾಗಕ್ಕೆ ಜಾರಿದ ಬಳಿಕ 2023ರ ಬೇಸಿಗೆಯಲ್ಲಿ ಯುನೈಟೆಡ್ ಅವರನ್ನು ಋತುಪೂರ್ವ ತಯಾರಿಯ ಪಂದ್ಯಗಳಿಗೆಂದು ಸೇರಿಸಿಕೊಂಡಿತು. ಸೆಪ್ಟೆಂಬರ್ 1ರಂದು ಒಂದು ವರ್ಷದ ಕರಾರು ಸಿಕ್ಕಿತು. ಆಗ ಅವರಿಗೆ 35. ಐದನೆಯ ಆಯ್ಕೆಯ ಸೆಂಟರ್ ಬ್ಯಾಕ್ (ರಕ್ಷಣೆಯ ನಡುವೆ ನಿಲ್ಲುವ ಆಟಗಾರ) ಆಗಿ ಬೆಂಚಿನ ಮೇಲೆ ಕೂರುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಆದರೆ ಮಾರ್ಟಿನೆಸ್, ವರಾನ್, ಮಗ್ವಾಯರ್ ಒಬ್ಬರ ಹಿಂದೊಬ್ಬರು ಗಾಯಗೊಂಡು, ಇವಾನ್ಸ್ ಆ ಋತುವಿನಲ್ಲಿ ಎಲ್ಲ ಸ್ಪರ್ಧೆಗಳಲ್ಲಿ ಸೇರಿ 30 ಪಂದ್ಯಗಳಲ್ಲಿ ಕಾಣಿಸಿಕೊಂಡರು. ಕ್ಲಬ್ ಪರ ತಮ್ಮ 200ನೇ ಪಂದ್ಯವಾಗಿದ್ದ ಬರ್ನ್‌ಲಿ ಎದುರಿನ ಹಣಾಹಣಿಯಲ್ಲಿ ಅವರು ದೂರದಿಂದ ಎತ್ತಿ ಕೊಟ್ಟ ಪಾಸನ್ನೇ ಬ್ರೂನೊ ಫರ್ನಾಂಡಿಸ್ ನೆಲಕ್ಕೆ ಬೀಳುವ ಮೊದಲೇ ಒದ್ದು ಪಂದ್ಯದ ಏಕೈಕ ಗೋಲು ಗಳಿಸಿದರು. ಮರಳಿ ಬಂದವರಿಂದ ಯಾರೂ ಹೆಚ್ಚು ನಿರೀಕ್ಷಿಸಿರಲಿಲ್ಲ, ಬಂದದ್ದೆಲ್ಲ ಲಾಭವೇ ಆಯಿತು. ಈ ಕಡಿಮೆ ನಿರೀಕ್ಷೆ ಎಂಬುದು ಹಿರಿಯ ಡಿಫೆಂಡರ್‌ಗೆ ಸಿಗಬಹುದಾದ ದೊಡ್ಡ ವರ ಎಂದು ನಾನು ನಂಬುತ್ತೇನೆ.

ಸೋಲ್ ಕ್ಯಾಂಪ್‌ಬೆಲ್ ಅವರದ್ದೂ ಹೆಚ್ಚು ಕಡಿಮೆ ಅದೇ ಬಗೆ. ನಾಲ್ಕನೇ ಹಂತದ ನಾಟ್ಸ್ ಕೌಂಟಿಗೆ ಹೋಗಿ, ಒಂದೇ ಪಂದ್ಯ ಆಡಿ ಬಿಟ್ಟು, 2010ರ ಜನವರಿಯಲ್ಲಿ 35ನೇ ವಯಸ್ಸಿನಲ್ಲಿ ಆರ್ಸೆನಲ್‌ಗೆ ಮರಳಿದರು. ಮರುತಿಂಗಳೇ ಪೋರ್ಟೊ ಎದುರು ಚಾಂಪಿಯನ್ಸ್ ಲೀಗ್‌ನಲ್ಲಿ ತಲೆಯಿಂದ ಗೋಲು ಹೊಡೆದರು. ಅರ್ಧ ಋತುವಿನ ಸೇವೆ, ಅಷ್ಟನ್ನು ಅವರು ಗೌರವದಿಂದ ಮಾಡಿಕೊಟ್ಟು ಹೊರಟರು.

ಫೇಬಿಯೊ ಕನ್ನವಾರೊ ಅವರ ಯುವೆಂಟಸ್ ವಾಪಸಾತಿ ಇದಕ್ಕೆ ನೇರ ವಿರುದ್ಧ. 2006ರಲ್ಲಿ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಅವರು, ಆ ವರ್ಷ ಜಗತ್ತಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬಾಲನ್ ಡಿ'ಓರ್ ಪಡೆದವರು. ಆದರೆ ಅದೇ ಬೇಸಿಗೆಯಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣದಿಂದ ಯುವೆಂಟಸ್ ಎರಡನೇ ವಿಭಾಗಕ್ಕೆ ತಳ್ಳಲ್ಪಟ್ಟಾಗ ಅವರು ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದರು. ಕಷ್ಟಕಾಲದಲ್ಲಿ ಬಿಟ್ಟುಹೋದರೆಂಬ ನೋವು ಅಭಿಮಾನಿಗಳಲ್ಲಿ ಆರಿರಲಿಲ್ಲ. 2009ರಲ್ಲಿ 35ನೇ ವಯಸ್ಸಿನಲ್ಲಿ ಮರಳಿದಾಗ ಅವರಿಂದ ನಿರೀಕ್ಷಿಸಿದ್ದು ಬೆಂಚಿನ ಸೇವೆಯನ್ನಲ್ಲ, ಹಳೆಯ ಕನ್ನವಾರೊ ಅವರನ್ನೇ. ಯುವೆಂಟಸ್ ಏಳನೇ ಸ್ಥಾನದಲ್ಲಿ ಮುಗಿಸಿತು, ನಡುವೆ ಕೋಚ್ ಬದಲಾದರು, ಯುರೋಪಾ ಲೀಗ್‌ನಲ್ಲಿ ಫುಲಮ್ ಎದುರು 27ನೇ ನಿಮಿಷಕ್ಕೆ ಕೆಂಪು ಕಾರ್ಡ್ ಪಡೆದು ಕನ್ನವಾರೊ ಹೊರನಡೆದರು, ತಂಡ 1-4ರಿಂದ ಸೋತು ಸ್ಪರ್ಧೆಯಿಂದ ಹೊರಬಿತ್ತು. ಎತ್ತರ ಕಡಿಮೆಯಿದ್ದ ಕನ್ನವಾರೊ ಅವರ ಆಟ ನಿಂತಿದ್ದುದೇ ಜಿಗಿತ ಮತ್ತು ಮೊದಲ ಎರಡು ಹೆಜ್ಜೆಯ ಚುರುಕಿನ ಮೇಲೆ. ವಯಸ್ಸು ಮೊದಲು ಕಸಿದುಕೊಳ್ಳುವುದು ಅವೆರಡನ್ನೇ. ಎತ್ತರದ, ನಿಧಾನದ, ಜಾಗ ಹಿಡಿದು ಆಡುವ ಡಿಫೆಂಡರ್‌ಗಿಂತ ಚುರುಕಿನ ಡಿಫೆಂಡರ್‌ಗೆ ಕೊನೆಯ ವರ್ಷಗಳು ಕಷ್ಟವೆನಿಸುವುದು ಇದರಿಂದಲೇ.

ನಾಲ್ಕನೆಯವರು ಪೋರ್ಚುಗಲ್‌ನ ಪೆಪೆ. ಅವರ ಬಗ್ಗೆ ಈ ಅಂಕಣದ ಕೊನೆಯ ಉತ್ತರದಲ್ಲಿ ಬರೆದಿದ್ದೇನೆ.

ಪ್ರಶ್ನೆ: ಸೆರ್ಜಿಯೊ ರಾಮೋಸ್ ಪ್ಯಾರಿಸ್‌ನಲ್ಲಿ, ಮ್ಯಾಟ್ಸ್ ಹುಮ್ಮೆಲ್ಸ್ ರೋಮಾದಲ್ಲಿ, ರಫೇಲ್ ವರಾನ್ ಕೋಮೊದಲ್ಲಿ ತೊಂದರೆಗೆ ಸಿಲುಕಿದರು. ಮೂವರೂ ವಿಶ್ವಕಪ್ ಗೆದ್ದವರು. ಇವರಲ್ಲಿ ಯಾರ ವರ್ಗಾವಣೆ ನಿಜವಾಗಿ ವಿಫಲ ಎನ್ನಬಹುದು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಮೂರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ವರಾನ್ ಅವರದ್ದು ದೇಹ ಕೈಕೊಟ್ಟ ಪ್ರಸಂಗ. 2024ರ ಆಗಸ್ಟ್‌ನಲ್ಲಿ ಕೋಮೊ ಪರ ಆಡಿದ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ, ಮರುತಿಂಗಳು ನಿವೃತ್ತಿ ಘೋಷಿಸಿದರು. ಆಗ ಅವರಿಗೆ 31 ಮಾತ್ರ. ಅದನ್ನು ವೈಫಲ್ಯ ಎನ್ನಲು ನನಗೆ ಮನಸ್ಸಿಲ್ಲ.

ರಾಮೋಸ್ 16 ವರ್ಷ ಆಡಿದ ಮ್ಯಾಡ್ರಿಡ್ ಬಿಟ್ಟು 2021ರಲ್ಲಿ ಪ್ಯಾರಿಸ್‌ಗೆ ಬಂದರು. ಮೀನಖಂಡದ ಗಾಯದಿಂದಾಗಿ ಅವರು ಮೊದಲ ಪಂದ್ಯ ಆಡಿದ್ದು ನವೆಂಬರ್ 28ರಂದು. ವಯಸ್ಸಾದ ಡಿಫೆಂಡರ್‌ಗಳಿಗೆ ಮೀನಖಂಡ ಮತ್ತು ತೊಡೆಯ ಹಿಂಬದಿಯ ಸ್ನಾಯುಗಳೇ ದೊಡ್ಡ ಶತ್ರು, ಏಕೆಂದರೆ ನಿಂತಲ್ಲಿಂದ ಸರಕ್ಕನೆ ತಿರುಗಿ ಓಡುವಾಗ ಭಾರ ಬೀಳುವುದು ಅಲ್ಲಿಯೇ, ಒಮ್ಮೆ ಹರಿದ ಸ್ನಾಯು ಎರಡನೇ ಸಲ ಸುಲಭವಾಗಿ ಹರಿಯುತ್ತದೆ. ಆದರೂ ರಾಮೋಸ್ ಎರಡನೇ ಋತುವಿನಲ್ಲಿ ನಿಯಮಿತವಾಗಿ ಆಡಿದರು. ನಂತರ ಸೆವಿಲ್ಲಾಗೆ, ಅಲ್ಲಿಂದ 38ನೇ ವಯಸ್ಸಿನಲ್ಲಿ ಮೆಕ್ಸಿಕೊದ ಮೊಂಟೆರ‍್ರೆಗೆ ಹೋಗಿ, 2025ರ ಕ್ಲಬ್ ವಿಶ್ವಕಪ್‌ನಲ್ಲಿ ಇಂಟರ್ ಮಿಲಾನ್ ಎದುರು ಕಾರ್ನರ್‌ಗೆ ತಲೆಕೊಟ್ಟು ಗೋಲು ಹೊಡೆದರು. ತಲೆಯ ಹೊಡೆತ ಕೊನೆಯವರೆಗೂ ಅವರನ್ನು ಬಿಟ್ಟುಹೋಗಲಿಲ್ಲ.

ಮನಸ್ಸಿಗೆ ಹೆಚ್ಚು ತಟ್ಟುವುದು ಹುಮ್ಮೆಲ್ಸ್ ಅವರ ಕಥೆ. 35ನೇ ವಯಸ್ಸಿನಲ್ಲಿ, 2024ರ ಸೆಪ್ಟೆಂಬರ್ ಆರಂಭದಲ್ಲಿ ಅವರು ರೋಮಾ ಸೇರಿದರು. ಅದೇ ತಿಂಗಳಲ್ಲಿ ಕೋಚ್ ಡಿ ರೋಸಿ ಅವರನ್ನು ಕ್ಲಬ್ ತೆಗೆದುಹಾಕಿತು. ಹೊಸ ಕೋಚ್ ಇವಾನ್ ಯೂರಿಚ್ ಅವರ ಆಟದಲ್ಲಿ ಡಿಫೆಂಡರ್ ಎದುರಾಳಿಯೊಬ್ಬನನ್ನು ಮೈದಾನದ ಉದ್ದಕ್ಕೂ ಬೆನ್ನಟ್ಟಬೇಕು. ಹುಮ್ಮೆಲ್ಸ್ ಅಂಥವರಲ್ಲ, ವಾರಗಟ್ಟಲೆ ಬೆಂಚಿನ ಮೇಲೆ ಕುಳಿತರು. ಕೊನೆಗೆ ಅಕ್ಟೋಬರ್ ಅಂತ್ಯದಲ್ಲಿ ಫ್ಲಾರೆನ್ಸ್‌ನಲ್ಲಿ ತಂಡ ಸೋಲುತ್ತಿದ್ದಾಗ ಬದಲಿಯಾಗಿ ಇಳಿದು, ಸ್ವಂತ ಗೋಲಿಗೇ ಚೆಂಡು ತಳ್ಳಿದರು. ರೋಮಾ ಅಂದು 1-5ರಿಂದ ಸೋತಿತು. ನವೆಂಬರ್‌ನಲ್ಲಿ ರನಿಯೇರಿ ಕೋಚ್ ಆಗಿ ಬಂದು, ರಕ್ಷಣೆಯ ಸಾಲನ್ನು ಹಿಂದಕ್ಕೆ ತಂದು, ನಡುವೆ ಹುಮ್ಮೆಲ್ಸ್ ಅವರನ್ನು ನಿಲ್ಲಿಸಿದ ಮೇಲೆ ಅದೇ ಆಟಗಾರ ತಂಡದ ಬೆನ್ನೆಲುಬಾದರು. ಕೋಚ್ ಬದಲಾದ ಕೆಲವೇ ವಾರಗಳಲ್ಲಿ ಮನುಷ್ಯನ ಕಾಲುಗಳು ಕಿರಿಯವಾಗುವುದಿಲ್ಲ, ಬದಲಾದದ್ದು ಅವರಿಂದ ಬೇಡಿದ ಕೆಲಸ. ಮಾರ್ಚ್‌ನಲ್ಲಿ ಬಿಲ್ಬಾವೊದಲ್ಲಿ 11ನೇ ನಿಮಿಷಕ್ಕೆ ಪಡೆದ ಕೆಂಪು ಕಾರ್ಡ್ ತಂಡವನ್ನು ಯುರೋಪಾ ಲೀಗ್‌ನಿಂದ ಹೊರಹಾಕಿತು ಎಂಬುದು ಸತ್ಯ, ಆದರೂ ಆ ನಡುವಿನ ತಿಂಗಳುಗಳನ್ನು ಅದು ಅಳಿಸುವುದಿಲ್ಲ. ವಿಫಲವಾದದ್ದು ಯಾವುದು ಎಂದು ಒತ್ತಾಯಿಸಿ ಕೇಳಿದರೆ, ರಾಮೋಸ್ ಅವರ ಪ್ಯಾರಿಸ್‌ನ ಮೊದಲ ವರ್ಷ ಎನ್ನುತ್ತೇನೆ.

ಪ್ರಶ್ನೆ: ಟ್ಯಾಕಲ್‌ಗಳ ಸಂಖ್ಯೆ ನೋಡಿದರೆ ಹಿರಿಯ ಡಿಫೆಂಡರ್‌ಗಳು ಯಾವಾಗಲೂ ಕಿರಿಯರಿಗಿಂತ ಹಿಂದೆ. ಹಾಗಾದರೆ ಅವರ ಆಟವನ್ನು ಅಳೆಯುವುದು ಹೇಗೆ? ಟಿವಿಯಲ್ಲಿ ಪಂದ್ಯ ನೋಡುವಾಗ ಏನನ್ನು ಗಮನಿಸಬೇಕು? (ಕಾಲೇಜು ತಂಡದ ಆಟಗಾರ್ತಿಯೊಬ್ಬರು, ಬೆಳಗಾವಿ)

ಉತ್ತರ: ನೀವೇ ಆಡುವವರಾದ್ದರಿಂದ ಇದನ್ನು ಬೇಗ ಹಿಡಿಯುತ್ತೀರಿ. ಟ್ಯಾಕಲ್, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದು, ಅಪಾಯ ಹತ್ತಿರ ಬಂದ ಮೇಲೆ ಮಾಡುವ ಕೆಲಸ. ಅಪಾಯ ಹುಟ್ಟುವ ಮೊದಲೇ ಜಾಗ ಮುಚ್ಚಿದ ಡಿಫೆಂಡರ್‌ಗೆ ಆ ಲೆಕ್ಕದಲ್ಲಿ ಸೊನ್ನೆ ಸಿಗುತ್ತದೆ.

ಎದುರಾಳಿ ಮಿಡ್‌ಫೀಲ್ಡರ್ ಬಳಿ ಚೆಂಡಿದ್ದು, ಅವನ ಮೇಲೆ ಯಾರೂ ಒತ್ತಡ ಹಾಕದೆ, ಅವನು ತಲೆಯೆತ್ತಿದ ಕ್ಷಣವನ್ನು ಗಮನಿಸಿ. ಆಗ ಕ್ಯಾಮೆರಾ ಚೆಂಡನ್ನು ತೋರಿಸುತ್ತಿದ್ದರೂ ನಿಮ್ಮ ಕಣ್ಣು ಸೆಂಟರ್ ಬ್ಯಾಕ್ ಮೇಲಿರಲಿ. ಸಿಲ್ವ ಆ ಕ್ಷಣದಲ್ಲಿ ಎಂದೂ ಎದೆಯನ್ನು ಚೆಂಡಿಗೆ ನೇರವಾಗಿ ಕೊಟ್ಟು ನಿಲ್ಲುತ್ತಿರಲಿಲ್ಲ. ಒಂದು ಭುಜ ಚೆಂಡಿನ ಕಡೆ, ಇನ್ನೊಂದು ತಮ್ಮದೇ ಗೋಲಿನ ಕಡೆ, ಮೊಣಕಾಲು ಸ್ವಲ್ಪ ಬಾಗಿ, ಒಂದು ಪಾದ ಆಗಲೇ ಹಿಂದೆ. ಕತ್ತು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ತಿರುಗುತ್ತಲೇ ಇರುತ್ತಿತ್ತು. ಮಿಡ್‌ಫೀಲ್ಡರ್ ಪಾಸ್ ಕೊಡಲು ಕಾಲೆತ್ತುವ ಮೊದಲೇ ಅವರು ಎರಡು ಮೂರು ಗಜ ಹಿಂದೆ ಸರಿದಿರುತ್ತಿದ್ದರು. ತನಗಿಂತ ಹದಿನೈದು ವರ್ಷ ಕಿರಿಯ ಸ್ಟ್ರೈಕರ್ ಓಡಲು ತೊಡಗುವ ಹೊತ್ತಿಗೆ ಆ ಎರಡು ಮೂರು ಗಜವೇ ವೇಗದ ಕೊರತೆಯನ್ನು ತುಂಬಿಕೊಡುತ್ತಿತ್ತು.

ಎರಡನೆಯದಾಗಿ, ಚೆಂಡು ಅಂಚಿಗೆ ಹೋದಾಗ ಸೆಂಟರ್ ಬ್ಯಾಕ್ ಬೆನ್ನಟ್ಟಿ ಹೊರಗೆ ಹೋಗುತ್ತಾನೋ, ಗೋಲಿನ ಮುಂದೆ ಉಳಿಯುತ್ತಾನೋ ನೋಡಿ. ಹಿರಿಯ ಡಿಫೆಂಡರ್ ಹೊರಗೆ ಹೋಗಬೇಕಾಗಿ ಬಂದರೆ ತಪ್ಪು ಬಹುಪಾಲು ಅವನದ್ದಲ್ಲ, ಆ ಜಾಗ ಕಾಯಬೇಕಿದ್ದ ಇನ್ನೊಬ್ಬನದ್ದು. ಮೂರನೆಯದು ಸಂಖ್ಯೆಯಲ್ಲೇ ಹೇಳಬಹುದಾದದ್ದು. ಅವನು ಆಡಿದ ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟ ಗೋಲುಗಳನ್ನೂ ಅವನಿಲ್ಲದ ಪಂದ್ಯಗಳ ಗೋಲುಗಳನ್ನೂ ಬೇರೆ ಬೇರೆ ಬರೆದಿಡಿ. ಅದೂ ಪೂರ್ಣ ನ್ಯಾಯದ ಅಳತೆಯಲ್ಲ, ಆದರೆ ಟ್ಯಾಕಲ್ ಎಣಿಸುವುದಕ್ಕಿಂತ ಬಹಳ ಮೇಲು.

ಈ ದೃಷ್ಟಿಯಿಂದ ಅಧ್ಯಯನಕ್ಕೆ ಯೋಗ್ಯವಾದವರು ಸಾಮಿ ಹೂಪಿಯಾ. ಲಿವರ್‌ಪೂಲ್‌ನಲ್ಲಿ ಹತ್ತು ವರ್ಷ ಆಡಿ, 2009ರಲ್ಲಿ 35ನೇ ವಯಸ್ಸಿನಲ್ಲಿ ಫಿನ್ಲೆಂಡಿನ ಈ ಆಟಗಾರ ಜರ್ಮನಿಯ ಬಯರ್ ಲೆವರ್‌ಕೂಸನ್ ಸೇರಿದರು. ಓಟದಲ್ಲಿ ನಿಧಾನ, ಎತ್ತರದ ದೇಹ, ತಲೆಯಾಟದಲ್ಲಿ ಭದ್ರ. ಯುಪ್ ಹೈಂಕೆಸ್ ತರಬೇತಿಯ ಆ ತಂಡ ಋತುವಿನ ಮೊದಲ 24 ಲೀಗ್ ಪಂದ್ಯಗಳಲ್ಲಿ ಸೋಲಲಿಲ್ಲ. ಕೊನೆಗೆ ನಾಲ್ಕನೇ ಸ್ಥಾನಕ್ಕೆ ಇಳಿದರೂ, ಮರುವರ್ಷ ಎರಡನೇ ಸ್ಥಾನ ಪಡೆಯಿತು. ಹಿರಿಯ ಡಿಫೆಂಡರ್‌ಗಳ ಮಾತು ಬಂದಾಗ ಅವರ ಹೆಸರು ಅಪರೂಪಕ್ಕೆ ಕೇಳಿಬರುವುದು ನನಗೆ ಬೇಸರದ ಸಂಗತಿ.

ಪ್ರಶ್ನೆ: ಇಂಡಿಯನ್ ಸೂಪರ್ ಲೀಗ್‌ನ ಮೊದಲ ವರ್ಷಗಳಲ್ಲಿ ಬಂದ ಹೆಸರಾಂತ ಡಿಫೆಂಡರ್‌ಗಳು ನಮ್ಮವರಿಗೆ ಏನನ್ನಾದರೂ ಕೊಟ್ಟರೇ? ಬೆಂಗಳೂರು ಎಫ್‌ಸಿಯಲ್ಲಿ ಇಂಥ ಉದಾಹರಣೆ ಇದೆಯೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: 2014ರಲ್ಲಿ ಲೀಗ್ ಶುರುವಾದಾಗ ಸ್ಪೇನ್‌ನ ಕಾಪ್‌ಡೆವಿಲಾ ಈಶಾನ್ಯದ ತಂಡಕ್ಕೆ, ಫ್ರಾನ್ಸ್‌ನ ಸಿಲ್ವೆಸ್ಟ್ರೆ ಚೆನ್ನೈಗೆ ಬಂದರು. ಚೆನ್ನೈಯ ಕೋಚ್ ಆಗಿ ಬಂದ ಮ್ಯಾಟೆರಾಜಿ ತಾವೂ ಮೈದಾನಕ್ಕಿಳಿದರು. 2015ರಲ್ಲಿ 37 ವರ್ಷದ ಬ್ರೆಜಿಲ್‌ನ ಲೂಸಿಯೊ ಗೋವಾ ಸೇರಿದರು, ಆ ತಂಡ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2-3ರಿಂದ ಸೋತಿತು. ಆದರೆ ಆ ಲೀಗ್‌ನ ಸ್ವರೂಪ ಹಿರಿಯ ಕಾಲುಗಳಿಗೆ ಒಗ್ಗುವಂಥದ್ದಾಗಿರಲಿಲ್ಲ. ಎರಡು ತಿಂಗಳ ಆಸುಪಾಸಿನಲ್ಲಿ 14 ಲೀಗ್ ಪಂದ್ಯ, ನಡುವೆ ದೇಶದುದ್ದಕ್ಕೂ ವಿಮಾನ ಪ್ರಯಾಣ, ಸೆಕೆ, ವಿಶ್ರಾಂತಿಗೆ ಮೂರು ನಾಲ್ಕು ದಿನ. ಯುರೋಪಿನಲ್ಲಿ ಇಂಥ ಆಟಗಾರನನ್ನು ವಾರಕ್ಕೊಂದು ಪಂದ್ಯಕ್ಕೆ ಉಳಿಸಿಕೊಳ್ಳುತ್ತಾರೆ, ಇಲ್ಲಿ ಅದು ಸಾಧ್ಯವೇ ಇರಲಿಲ್ಲ. ಜೊತೆಯಲ್ಲಿ ಅಭ್ಯಾಸ ಮಾಡಿದ ಭಾರತೀಯ ಆಟಗಾರರಿಗೆ ಪ್ರಯೋಜನ ಆಗಿರಲೇಬೇಕು, ಆದರೆ ಎರಡು ತಿಂಗಳ ಒಡನಾಟದಿಂದ ರಕ್ಷಣಾ ಸಾಲೊಂದು ರೂಪುಗೊಳ್ಳುವುದಿಲ್ಲ.

ಬೆಂಗಳೂರಿನ ಮಟ್ಟಿಗೆ ನೀವು ರಾಹುಲ್ ಭೆಕೆ ಅವರನ್ನು ನೋಡಿ. 2019ರ ಮಾರ್ಚ್‌ನಲ್ಲಿ ಗೋವಾ ಎದುರಿನ ಫೈನಲ್‌ನ 117ನೇ ನಿಮಿಷದಲ್ಲಿ ಕಾರ್ನರ್‌ಗೆ ತಲೆಕೊಟ್ಟು ಕ್ಲಬ್‌ಗೆ ಮೊದಲ ಐಎಸ್‌ಎಲ್ ಕಿರೀಟ ತಂದವರು ಅವರು. 2021ರಲ್ಲಿ ಮುಂಬೈ ಸಿಟಿಗೆ ಹೋಗಿ, 2024ರಲ್ಲಿ 33ನೇ ವಯಸ್ಸಿನಲ್ಲಿ ಮರಳಿದರು. ಆ ಋತುವಿನಲ್ಲಿ ತಂಡ ಮತ್ತೆ ಫೈನಲ್ ಮುಟ್ಟಿ, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು. ಹೊರದೇಶದ ದೊಡ್ಡ ಹೆಸರಿಗಿಂತ, ಕಂಠೀರವದ ಹುಲ್ಲನ್ನೂ ಇಲ್ಲಿನ ಪ್ರೇಕ್ಷಕರನ್ನೂ ಬಲ್ಲ ಇಂಥ ಹಿರಿಯರ ಮೇಲೆ ನಮ್ಮ ಕ್ಲಬ್‌ಗಳು ಹಣ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಇವರೆಲ್ಲರಲ್ಲಿ ಒಬ್ಬರನ್ನೇ ಆರಿಸಬೇಕೆಂದರೆ ಯಾರನ್ನು ಆರಿಸುತ್ತೀರಿ? (ಹಲವು ಓದುಗರು)

ಉತ್ತರ: ಪೆಪೆ ಅವರನ್ನು. ಕ್ಲಬ್ ಬದಲಿಸಿದ ಮೇಲೆ ಗೆದ್ದ ಅತಿ ದೊಡ್ಡ ಪ್ರಶಸ್ತಿಯನ್ನೇ ನೋಡುವುದಾದರೆ ಸಿಲ್ವ ಮುಂದೆ, ಆದರೆ ಅವಧಿಯನ್ನೂ ಆಟದ ಭಾರವನ್ನೂ ಸೇರಿಸಿ ತೂಗಿದರೆ ಪೆಪೆ ಅವರಿಗೆ ಸಾಟಿ ಇಲ್ಲ. ಟರ್ಕಿಯ ಬೆಸಿಕ್ಟಾಸ್ ಬಿಟ್ಟು 2019ರ ಜನವರಿಯಲ್ಲಿ ಅವರು ತಮ್ಮ ಹಳೆಯ ಕ್ಲಬ್ ಪೋರ್ಟೊಗೆ ಬಂದಾಗ 36ಕ್ಕೆ ಕಾಲಿಡುತ್ತಿದ್ದರು. ಐದೂವರೆ ವರ್ಷ ಆಡಿ, 2020 ಮತ್ತು 2022ರಲ್ಲಿ ಪೋರ್ಚುಗಲ್‌ನ ಲೀಗ್ ಗೆದ್ದರು. 2023ರ ನವೆಂಬರ್‌ನಲ್ಲಿ, 40 ದಾಟಿದ ಮೇಲೆ, ಆಂಟ್‌ವರ್ಪ್ ಎದುರು ಗೋಲು ಹೊಡೆದು ಚಾಂಪಿಯನ್ಸ್ ಲೀಗ್‌ನಲ್ಲಿ ಗೋಲು ಗಳಿಸಿದ ಅತಿ ಹಿರಿಯ ಆಟಗಾರರಾದರು. 2024ರ ಯುರೊ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು 41ನೇ ವಯಸ್ಸಿನಲ್ಲಿ 120 ನಿಮಿಷವೂ ಆಡಿದರು.

ನೋಡಲೇಬೇಕಾದ ಪಂದ್ಯ ಒಂದಿದ್ದರೆ ಅದು 2021ರ ಮಾರ್ಚ್ 9ರಂದು ಟ್ಯೂರಿನ್‌ನಲ್ಲಿ ಯುವೆಂಟಸ್ ಎದುರು ನಡೆದ ಚಾಂಪಿಯನ್ಸ್ ಲೀಗ್ ಪಂದ್ಯ. 54ನೇ ನಿಮಿಷಕ್ಕೆ ಜೊತೆ ಆಟಗಾರ ತರೇಮಿ ಕೆಂಪು ಕಾರ್ಡ್ ಪಡೆದು ಹೊರಹೋದ ಮೇಲೆ ಪೋರ್ಟೊ ಹತ್ತೇ ಜನರೊಂದಿಗೆ, ಹೆಚ್ಚುವರಿ ಸಮಯವೂ ಸೇರಿ ಒಂದು ಗಂಟೆಗೂ ಮಿಕ್ಕಿ ಆಡಬೇಕಾಯಿತು. ಅಂಚಿನಿಂದ ಚೆಂಡು ಮೇಲಿಂದ ಮೇಲೆ ಬಾಕ್ಸ್‌ಗೆ ಬಂದು ಬೀಳುತ್ತಿತ್ತು, 38 ವರ್ಷದ ಪೆಪೆ ತಲೆಕೊಟ್ಟು, ಮೈಕೊಟ್ಟು ತಡೆಯುತ್ತಲೇ ಇದ್ದರು. ಪಂದ್ಯವನ್ನು 3-2ರಿಂದ ಯುವೆಂಟಸ್ ಗೆದ್ದರೂ, ಎರಡೂ ಪಂದ್ಯಗಳ ಲೆಕ್ಕ 4-4 ಆಗಿ, ಹೊರ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದ ಪೋರ್ಟೊ ಮುಂದಿನ ಸುತ್ತಿಗೆ ಹೋಯಿತು. ಅಲ್ಲಿ ಅವರನ್ನು ಸೋಲಿಸಿದ್ದು ಥಿಯಾಗೊ ಸಿಲ್ವ ಅವರ ಚೆಲ್ಸಿ.